ನೆಲ ಮುಟ್ಟದೆ ಕೊರಿಯಾ ದಾಟಿದ ಸೇನೆ

ಹಡಗಿನಲ್ಲಿ ಬಂದ ಸೇನೆ ಬಂದರಿನಲ್ಲಿ ಇಳಿಯಬೇಕು ತಾನೆ? ಈ ಸೇನೆ ಇಳಿಯಲಿಲ್ಲ!

1953ರ ಸೆಪ್ಟೆಂಬರ್ ಹೊತ್ತು. ದಕ್ಷಿಣ ಕೊರಿಯಾದ ಇಂಚಾನ್ ಬಂದರಿನಾಚೆ ಭಾರತೀಯ ಜವಾನರನ್ನು ಹೊತ್ತ ಹಡಗುಗಳು ಲಂಗರು ಹಾಕಿವೆ. ದಡ ಕಣ್ಣಳತೆಯಲ್ಲೇ ಇದೆ. ಆದರೆ ಕಾಲಿಡುವಂತಿಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದು ಕೂತಿದ್ದಾರೆ: ಒಬ್ಬನೇ ಒಬ್ಬ ಭಾರತೀಯ ಸೈನಿಕ ನಮ್ಮ ಮಣ್ಣು ತುಳಿಯಕೂಡದು! ನೆಹರೂ ಅವರ ಭಾರತವೆಂದರೆ ಕಮ್ಯುನಿಸ್ಟರ ಕಡೆಯದು ಎಂಬುದು ಅವರ ಲೆಕ್ಕ. ಅಮೆರಿಕದವರು ತಲೆ ಕೆರೆದುಕೊಂಡರು. ಮೂರು ವರ್ಷ ರೀ ಅವರ ದೇಶಕ್ಕಾಗಿ ರಕ್ತ ಹರಿಸಿದವರಿಗೇ ಅವರ ಹಟದ ಮುಂದೆ ದಾರಿ ಕಾಣಲಿಲ್ಲ. ಕೊನೆಗೆ ಹೊಳೆದ ಉಪಾಯ ನೋಡಿ. ಜವಾನರನ್ನು 'ಪಾಯಿಂಟ್ ಕ್ರೂಜ್' ಎಂಬ ವಿಮಾನವಾಹಕ ಹಡಗಿಗೆ ಹತ್ತಿಸಿದರು. ಅದರ ಅಟ್ಟದ ಮೇಲಿಂದ ಹೆಲಿಕಾಪ್ಟರುಗಳಲ್ಲಿ ಸಣ್ಣಸಣ್ಣ ತಂಡಗಳಾಗಿ ಎತ್ತಿಕೊಂಡು, ದಕ್ಷಿಣ ಕೊರಿಯಾದ ನೆತ್ತಿಯ ಮೇಲೆ ಹಾರಿಸಿ, ಯಾರಿಗೂ ಸೇರದ ಒಂದು ಪಟ್ಟಿ ನೆಲದ ಮೇಲೆ ಇಳಿಸಿದರು. ಹೀಗೆ ಸುಮಾರು ಆರು ಸಾವಿರ ಜನ! ಹೆಲಿಕಾಪ್ಟರ್ ಎಂಬುದೇ ಜಗತ್ತಿಗೆ ಹೊಸದಾಗಿದ್ದ ಕಾಲ ಅದು. ಗಢವಾಲದ ಗುಡ್ಡದಿಂದಲೋ ರಜಪುತಾನದ ಮರಳಿನಿಂದಲೋ ಬಂದ ಆ ಹುಡುಗರಲ್ಲಿ ಎಷ್ಟು ಮಂದಿ ಅದಕ್ಕೆ ಮೊದಲು ಆ ಯಂತ್ರವನ್ನು ಕಣ್ಣಾರೆ ಕಂಡಿದ್ದರೋ!

ಅವರು ಹೋಗಿದ್ದು ಕಾದಾಡುವುದಕ್ಕಲ್ಲ, ಇಪ್ಪತ್ತೆರಡು ಸಾವಿರಕ್ಕೂ ಮೀರಿದ ಕೈದಿಗಳನ್ನು ಕಾಯುವುದಕ್ಕೆ. ಅದೂ ಎಂಥ ಕೈದಿಗಳು? ಯುದ್ಧ ಮುಗಿದಿದೆ, ಬಾಗಿಲು ತೆರೆದಿದೆ, ಮನೆಗೆ ಹೋಗಪ್ಪಾ ಎಂದರೆ ಹೋಗುವುದಿಲ್ಲ ಎನ್ನುವ ಕೈದಿಗಳು! ಈ ಇಡೀ ವ್ಯವಹಾರದ ಯಜಮಾನಿಕೆಯನ್ನು ಎರಡು ಬಣಗಳೂ ಒಪ್ಪಿ ಕೈಗಿಟ್ಟಿದ್ದು ಯಾರಿಗೆ ಗೊತ್ತೆ? ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ಮಗನಿಗೆ. ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರಿಗೆ.

ಶಾಲೆಯ ಪುಸ್ತಕದಲ್ಲಿ ಕೊರಿಯಾ ಯುದ್ಧಕ್ಕೆ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಆ ನಾಲ್ಕು ಸಾಲಿನ ಕೆಳಗೆ ಕೈಹಾಕಿ ನೋಡಿದರೆ ಒಂದರ ಹಿಂದೆ ಒಂದು ಬೆರಗು ಹೊರಬೀಳುತ್ತದೆ!

ಮೊದಲನೆಯದು ಆ ದೇಶ ಎರಡು ತುಂಡಾದ ರೀತಿ. 1945ರ ಆಗಸ್ಟ್ 10ರ ರಾತ್ರಿ. ಜಪಾನ್ ಶರಣಾಗುವುದು ಖಚಿತವಾಗಿದೆ. ಸೋವಿಯತ್ ಸೇನೆ ಉತ್ತರದಿಂದ, ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದೊಳಕ್ಕೆ ನುಗ್ಗುತ್ತಿದೆ. ಯಾರು ಎಲ್ಲಿವರೆಗೆ ಜಪಾನೀಯರ ಶರಣಾಗತಿ ಪಡೆಯಬೇಕು? ಈ ಪ್ರಶ್ನೆಗೆ ಉತ್ತರ ಕೊಡಿ ಎಂದು ವಾಷಿಂಗ್ಟನ್ನಿನಲ್ಲಿ ಇಬ್ಬರು ಕರ್ನಲ್‌ಗಳನ್ನು ಒಂದು ಕೋಣೆಗೆ ಕಳಿಸಿದರು. ಒಬ್ಬರು ಡೀನ್ ರಸ್ಕ್, ಇನ್ನೊಬ್ಬರು ಚಾರ್ಲ್ಸ್ ಬೋನ್‌ಸ್ಟೀಲ್. ಕೈಯಲ್ಲಿದ್ದದ್ದು ನ್ಯಾಷನಲ್ ಜಿಯೊಗ್ರಾಫಿಕ್‌ನ ಒಂದು ಭೂಪಟ, ಕೊಟ್ಟ ಸಮಯ ಅರ್ಧ ಗಂಟೆ. ಸೋಲ್ ನಗರ ತಮ್ಮ ಕಡೆ ಉಳಿಯಬೇಕು ಎಂಬುದಷ್ಟೇ ಅವರ ಕಾಳಜಿ. ನಕ್ಷೆಯಲ್ಲಿ ಸೋಲ್‌ನ ಮೇಲ್ಗಡೆ 38ನೇ ಅಕ್ಷಾಂಶದ ಗೆರೆ ಕಂಡಿತು. ಇಲ್ಲೇ ಇರಲಿ ಎಂದರು. ಸೋವಿಯತ್ತರು ತಕರಾರಿಲ್ಲದೆ ಒಪ್ಪಿದರು. ಶತಶತಮಾನ ಒಂದಾಗಿದ್ದ ದೇಶ, ಒಂದೇ ಭಾಷೆ ಆಡುವ ಜನ, ಅರ್ಧ ಗಂಟೆಯಲ್ಲಿ ಇಬ್ಭಾಗ! ಹಳ್ಳಿ, ಹೊಳೆ, ಗದ್ದೆ ಯಾವುದನ್ನೂ ಲೆಕ್ಕಿಸದೆ ಗೆರೆ ನೆಟ್ಟಗೆ ಹಾದುಹೋಯಿತು. ಅಂದು ಗೆರೆ ತೋರಿಸಿದ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಮಂತ್ರಿಯಾಗಿ ಕ್ಯೂಬಾ ಬಿಕ್ಕಟ್ಟು, ವಿಯೆಟ್ನಾಂ ಯುದ್ಧ ಎಲ್ಲವನ್ನೂ ಕಂಡರು.

ಐದೇ ವರ್ಷ. 1950ರ ಜೂನ್ 25ರಂದು ಉತ್ತರದ ಸೇನೆ ಆ ಗೆರೆ ದಾಟಿತು. ಮೂರು ದಿನಕ್ಕೆ ಸೋಲ್ ಬಿತ್ತು. ಆಮೇಲೆ ನಡೆದದ್ದು ಹುಚ್ಚು ಉಯ್ಯಾಲೆ. ದಕ್ಷಿಣದವರು ಮೂಲೆಗೆ ಸರಿದರು. ಸೆಪ್ಟೆಂಬರ್ 15ರಂದು, ವಿಶ್ವಸಂಸ್ಥೆಯ ಹೆಸರಿನಲ್ಲಿ ದಕ್ಷಿಣದ ನೆರವಿಗೆ ಬಂದಿದ್ದ ಅಮೆರಿಕದ ಜನರಲ್ ಮ್ಯಾಕಾರ್ಥರ್, ಭರತ ಇಳಿತಗಳ ನಡುವೆ ಒಂಬತ್ತು ಮೀಟರ್ ಅಂತರವಿರುವ ಅದೇ ಇಂಚಾನಿನಲ್ಲಿ ಸೇನೆ ಇಳಿಸಿ ಆಟವನ್ನೇ ತಿರುಗಿಸಿದರು. ಅಮೆರಿಕದ ಪಡೆ ಉತ್ತರಕ್ಕೆ ಓಡಿತು. ಅಕ್ಟೋಬರ್ 3ರ ನಡುರಾತ್ರಿ ಪೀಕಿಂಗ್‌ನಲ್ಲಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಿದ್ದೆಯಿಂದೆಬ್ಬಿಸಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಮನೆಗೆ ಕರೆಸಿಕೊಂಡರು: ಅಮೆರಿಕದವರು 38 ದಾಟಿದರೆ ಚೀನಾ ಸುಮ್ಮನಿರುವುದಿಲ್ಲ. ದೆಹಲಿ ಈ ಮಾತನ್ನು ಒಡನೆ ಮುಟ್ಟಿಸಿತು. ವಾಷಿಂಗ್ಟನ್ ಪಣಿಕ್ಕರ್ ಮಾತಿಗೆ ಕಿವಿಗೊಡಲಿಲ್ಲ. ಅದೇ ತಿಂಗಳು ಚೀನಾದ ಪಡೆಗಳು ರಾತ್ರೋರಾತ್ರಿ ಯಾಲು ನದಿ ದಾಟಿ ಬಂದವು. ನವೆಂಬರ್ ಕೊನೆಗೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಪತ್ರಕರ್ತರ ಮುಂದೆ ಅಣುಬಾಂಬಿನ ಮಾತೆತ್ತಿದರು, ಗಾಬರಿಯಾದ ಬ್ರಿಟನ್ ಪ್ರಧಾನಿ ಆಟ್ಲೀ ವಿಮಾನ ಹತ್ತಿ ವಾಷಿಂಗ್ಟನ್ನಿಗೆ ಓಡಿದರು! ಒಂದು ವರ್ಷ ತುಂಬುವ ಮೊದಲೇ ಸೋಲ್ ನಗರ ನಾಲ್ಕು ಸಲ ಕೈ ಬದಲಿಸಿತ್ತು.

ಈ ಗದ್ದಲದ ನಡುವೆ ಭಾರತದ ವೈದ್ಯ ತಂಡವೊಂದು ಅಲ್ಲಿತ್ತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್. ಇವರ ಒಂದೇ ಒಂದು ಪ್ರಸಂಗ ಸಾಕು. ಚೀನಾದ ಹೊಡೆತಕ್ಕೆ ಎಲ್ಲರೂ ಪ್ಯಾಂಗ್‌ಯಾಂಗ್ ಬಿಟ್ಟು ಓಡುತ್ತಿದ್ದಾರೆ. ಔಷಧಿ, ಉಪಕರಣ ಎಲ್ಲ ಅಲ್ಲೇ ಬಿಟ್ಟು ಹೊರಡಿ ಎಂಬ ಸೂಚನೆ ಬಂತು. ಸಾಮಾನಿಲ್ಲದ ವೈದ್ಯ ಯಾವ ಉಪಯೋಗಕ್ಕೆ? ರಂಗರಾಜ್ ತಂಡ ರೈಲು ನಿಲ್ದಾಣದಲ್ಲಿ ಒಂದು ಹಳೆಯ ಉಗಿ ಎಂಜಿನ್ ಹುಡುಕಿತು. ಬಾಯ್ಲರಿಗೆ ನೀರಿಲ್ಲ. ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿ ನೀರು ತುಂಬಿದರು. ಎಂಜಿನ್ ಓಡಿಸಲು ಬರುತ್ತಿದ್ದ ಜವಾನರು ತಂಡದಲ್ಲೇ ಇದ್ದರು! ಸಾಮಾನೆಲ್ಲ ಹೇರಿಕೊಂಡು ದಕ್ಷಿಣಕ್ಕೆ ಹೊರಟೇಬಿಟ್ಟರು. 1951ರ ಮಾರ್ಚಿನಲ್ಲಿ ಇದೇ ತಂಡದವರು ಅಮೆರಿಕದ ಪ್ಯಾರಾಟ್ರೂಪರ್‌ಗಳ ಜೊತೆ ಮುನ್‌ಸಾನ್ ಎಂಬಲ್ಲಿ ಆಕಾಶದಿಂದ ಧುಮುಕಿ ಯುದ್ಧಭೂಮಿಯಲ್ಲೇ ಶಸ್ತ್ರಚಿಕಿತ್ಸೆ ಮಾಡಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಇದೇ ಒಂದು ಸಿನಿಮಾ ಆಗಬೇಕಿತ್ತು, ಯಾಕೆ ಆಗಿಲ್ಲವೋ!

ಇರಲಿ, ಕೈದಿಗಳ ಕಥೆಗೆ ಬರೋಣ.

1951ರ ಜುಲೈನಲ್ಲಿ ಸಂಧಾನದ ಮಾತುಕತೆ ಶುರುವಾಯಿತು. ಗಡಿ ಎಲ್ಲಿರಬೇಕು ಎಂಬುದೂ ಹೆಚ್ಚುಕಡಿಮೆ ಇತ್ಯರ್ಥವಾಯಿತು. ಹಾಗಾದರೆ ಇನ್ನೂ ಒಂದೂವರೆ ವರ್ಷ ಗುಂಡು ಹಾರಿದ್ದು ಯಾತಕ್ಕೆ? ಮನೆಗೆ ಹೋಗಲೊಲ್ಲದ ಕೈದಿಯನ್ನು ಬಲವಂತವಾಗಿ ಕಳಿಸಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಗೆ! ಅಮೆರಿಕದ ಸಾವುನೋವುಗಳಲ್ಲಿ ಅರ್ಧಕ್ಕೆ ಹತ್ತಿರ ಸಂಭವಿಸಿದ್ದು ಸಂಧಾನದ ಮೇಜು ಹಾಕಿದ ಮೇಲೆಯೇ. ಓದಿ ಒಂದು ಕ್ಷಣ ತಲೆ ತಿರುಗುತ್ತದೆ.

1949ರ ಜಿನೀವಾ ಒಪ್ಪಂದದ 118ನೇ ವಿಧಿ ನೇರವಾಗಿ ಹೇಳುತ್ತದೆ: ಕಾಳಗ ನಿಂತೊಡನೆ ಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ವಾಪಸು ಕಳಿಸಬೇಕು. ಕಮ್ಯುನಿಸ್ಟರು ಈ ವಿಧಿಯನ್ನೇ ಹಿಡಿದು ಕೂತರು. ಆದರೆ ಎರಡನೇ ಮಹಾಯುದ್ಧ ಮುಗಿದಾಗ ರಷ್ಯಾದ ಕೈದಿಗಳನ್ನು ಬಲವಂತವಾಗಿ ಸ್ಟಾಲಿನ್ ಕೈಗೆ ಒಪ್ಪಿಸಿ, ಅವರ ಗತಿ ಏನಾಯಿತೆಂದು ಕಂಡ ಪಶ್ಚಿಮದವರಿಗೆ ಆ ಪಾಪ ಮತ್ತೆ ಕಟ್ಟಿಕೊಳ್ಳುವ ಮನಸ್ಸಿರಲಿಲ್ಲ. ಟ್ರೂಮನ್ ಬಗ್ಗಲಿಲ್ಲ. ಚೀನಾದ ಕೈದಿಗಳಲ್ಲಿ ಎಷ್ಟೋ ಮಂದಿ ಮೊದಲು ಕಮ್ಯುನಿಸ್ಟ್ ವಿರೋಧಿ ನಾಯಕ ಚಿಯಾಂಗ್ ಕೈ ಷೇಕ್‌ನ ಸೇನೆಯಲ್ಲಿದ್ದವರು. 1949ರಲ್ಲಿ ಸೋತು, ಸಗಟಾಗಿ ಮಾವೋನ ಕಮ್ಯುನಿಸ್ಟ್ ಸೇನೆಗೆ ಸೇರಿಸಲ್ಪಟ್ಟವರು. ಅವರಲ್ಲಿ ಬಹಳ ಜನರಿಗೆ ಚಿಯಾಂಗ್ ಇದ್ದ ತೈವಾನಿಗೆ ಹೋಗುವ ಆಸೆ. 1952ರ ಏಪ್ರಿಲ್‌ನಲ್ಲಿ ಒಬ್ಬೊಬ್ಬರನ್ನೇ ಕೇಳಿ ಲೆಕ್ಕ ಹಾಕಿದಾಗ ವಾಪಸು ಹೋಗುತ್ತೇವೆ ಎಂದವರು ಸುಮಾರು 70,000 ಮಾತ್ರ. ಆ ಸಂಖ್ಯೆ ಕೇಳಿ ಕಮ್ಯುನಿಸ್ಟ್ ಸಂಧಾನಕಾರರು ಕೆಂಡಾಮಂಡಲವಾದರು.

ಹಾಗೆಂದು ಆ ಎಣಿಕೆ ಶುದ್ಧವಾಗಿತ್ತು ಎಂದು ನಾನು ಹೇಳಲಾರೆ. ಶಿಬಿರಗಳೊಳಗೆ ಮುಳ್ಳುತಂತಿಯ ಹಿಂದೆ ಇನ್ನೊಂದು ಯುದ್ಧವೇ ನಡೆಯುತ್ತಿತ್ತು. ಕಮ್ಯುನಿಸ್ಟ್ ಗುಂಪು, ಕಮ್ಯುನಿಸ್ಟ್ ವಿರೋಧಿ ಗುಂಪು. ಎರಡರಲ್ಲೂ ರೌಡಿಗಳು, ಎರಡರಲ್ಲೂ ರಾತ್ರಿ ಕೊಲೆಗಳು. ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಚುಚ್ಚಿಸಿಬಿಟ್ಟರೆ ಮುಗಿಯಿತು, ಆ ಮೈ ಹೊತ್ತು ಚೀನಾಕ್ಕೆ ಮರಳುವುದು ಹೇಗೆ? ಕೋಜೆ ದ್ವೀಪದ ಶಿಬಿರದಲ್ಲಂತೂ 1952ರ ಮೇ 7ರಂದು ಕಮ್ಯುನಿಸ್ಟ್ ಕೈದಿಗಳು ಶಿಬಿರದ ಮುಖ್ಯಸ್ಥ, ಅಮೆರಿಕದ ಬ್ರಿಗೇಡಿಯರ್ ಜನರಲ್ ಫ್ರಾನ್ಸಿಸ್ ಡಾಡ್ ಅವರನ್ನೇ ಗೇಟಿನ ಬಳಿಯಿಂದ ಒಳಗೆಳೆದುಕೊಂಡು ಮೂರು ದಿನ ಇಟ್ಟುಕೊಂಡರು. ಜೈಲರನ್ನೇ ಜೈಲಿಗೆ ಹಾಕಿದ ಕೈದಿಗಳು!

ಈ ಗಂಟನ್ನು ಬಿಚ್ಚುವ ದಾರಿ ಹೊಳೆದದ್ದು ಭಾರತಕ್ಕೆ. ವಿಶ್ವಸಂಸ್ಥೆಯಲ್ಲಿ ವಿ.ಕೆ. ಕೃಷ್ಣ ಮೆನನ್ ಒಂದು ಸೂತ್ರ ಮಂಡಿಸಿದರು: ಹೋಗಲೊಲ್ಲದ ಕೈದಿಗಳನ್ನು ತಟಸ್ಥ ದೇಶಗಳ ಆಯೋಗದ ಕೈಗೆ ಕೊಡೋಣ, ಬಲವಂತ ಯಾರೂ ಮಾಡದಿರಲಿ. ಸೋವಿಯತ್ ಪ್ರತಿನಿಧಿ ವಿಷಿನ್‌ಸ್ಕಿ ಮೆನನ್ ಮೇಲೆ ಹರಿಹಾಯ್ದರು. 1952ರ ಡಿಸೆಂಬರ್ 3ರಂದು ಮಹಾಸಭೆ ಸೂತ್ರವನ್ನು ಅಂಗೀಕರಿಸಿದರೂ ಚೀನಾ ಒಪ್ಪಲಿಲ್ಲ. ಮುಂದಿನ ಮಾರ್ಚ್ 5ರಂದು ಸ್ಟಾಲಿನ್ ಸತ್ತರು. ತಿಂಗಳೊಪ್ಪತ್ತಿನಲ್ಲೇ ಚೌ ಎನ್‌ಲಾಯ್ ದನಿ ಬದಲಾಯಿತು. ಬೇಡವೆಂದ ಬಾಯಿಯೇ ಹೆಚ್ಚುಕಡಿಮೆ ಅದೇ ಸೂತ್ರವನ್ನು ಮುಂದಿಟ್ಟಿತು!

ಇನ್ನೇನು ಸಹಿ ಬೀಳಬೇಕು, ಅಷ್ಟರಲ್ಲಿ ಸಿಂಗ್‌ಮನ್ ರೀ ಕಲ್ಲು ಹಾಕಿದರು. ಜೂನ್ 18ರ ರಾತ್ರಿ ತಮ್ಮ ಕಾವಲುಗಾರರಿಂದ ಗೇಟು ತೆಗೆಸಿ ಸುಮಾರು 27,000 ಉತ್ತರ ಕೊರಿಯಾದ ಕೈದಿಗಳನ್ನು ಊರೊಳಗೆ ಓಡಿಸಿಬಿಟ್ಟರು. ಇಷ್ಟಾದರೂ ಜುಲೈ 27ರ ಬೆಳಿಗ್ಗೆ ಹತ್ತಕ್ಕೆ ಪಾನ್‌ಮುನ್‌ಜೋಮ್‌ನಲ್ಲಿ ಸಹಿಗಳಾದವು. ಒಂದು ಕಡೆ ವಿಶ್ವಸಂಸ್ಥೆಯ ಪರವಾಗಿ ಅಮೆರಿಕದ ಹ್ಯಾರಿಸನ್, ಇನ್ನೊಂದು ಕಡೆ ಉತ್ತರ ಕೊರಿಯಾದ ನಾಮ್ ಇಲ್. ಹದಿನೆಂಟು ಪ್ರತಿಗಳಿಗೆ ರುಜು ಹಾಕಿ, ಒಂದು ಮಾತಿಲ್ಲದೆ, ಕೈ ಕುಲುಕದೆ ಎದ್ದು ಹೋದರು. ಅಂದು ರಾತ್ರಿ ಹತ್ತರವರೆಗೂ ಫಿರಂಗಿಗಳು ಬಾಯಿ ಮುಚ್ಚಲಿಲ್ಲ.

ಆಗ ಹುಟ್ಟಿದ್ದೇ ತಟಸ್ಥ ರಾಷ್ಟ್ರಗಳ ವಾಪಸಾತಿ ಆಯೋಗ. ಸದಸ್ಯರನ್ನು ನೋಡಿ: ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಒಂದು ಕಡೆ, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ಪ್ರತಿ ವಿಷಯದಲ್ಲೂ ಎರಡಕ್ಕೆ ಎರಡು. ನಡುವಿನ ಐದನೇ ಮತ ಅಧ್ಯಕ್ಷರದ್ದು, ಅಂದರೆ ತಿಮ್ಮಯ್ಯನವರದು. ಶೀತಲ ಸಮರದ ತಕ್ಕಡಿಯ ಮುಳ್ಳು ಕೊಡಗಿನವರೊಬ್ಬರ ಬೆರಳ ತುದಿಯಲ್ಲಿ!

ಆಗ ತಿಮ್ಮಯ್ಯನವರಿಗೆ 47 ವರ್ಷ. 1906ರಲ್ಲಿ ಹುಟ್ಟು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ, ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವಿನ ಎದೆ ನಡುಗಿಸಿದವರು. ಆದರೆ ಕೊರಿಯಾಕ್ಕೆ ಅವರನ್ನು ಹದಗೊಳಿಸಿದ್ದು ಇನ್ನೊಂದು ಸಂಗತಿ ಇರಬೇಕೆಂದು ನನ್ನ ಊಹೆ. ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ಭಾರತೀಯ ಸೇನೆಯ ಪರ ಬರ್ಮಾದಲ್ಲಿ ಹೋರಾಡುತ್ತಿದ್ದಾಗ ಅವರ ಸೋದರ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ಮನೆ, ಎರಡು ಪಾಳೆಯ! ಸೆರೆ ಸಿಕ್ಕ ಸೈನಿಕ ನಿಷ್ಠೆ ಬದಲಿಸುವುದೆಂದರೇನು ಎಂಬುದನ್ನು ಅವರಿಗೆ ಯಾರೂ ಪುಸ್ತಕದಿಂದ ಓದಿ ಹೇಳಬೇಕಿರಲಿಲ್ಲ.

ಕಾವಲು ಪಡೆಯ ಮುಖ್ಯಸ್ಥರಾಗಿ ಬಂದವರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್. ಇಲ್ಲೊಂದು ಸೋಜಿಗ ಕೇಳಿ. 1945ರ ಆರಂಭದಲ್ಲಿ ಬರ್ಮಾದ ಕಾಂಗಾ ಎಂಬಲ್ಲಿ ಕಾದಿದ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ಕಮಾಂಡರುಗಳು: ತಿಮ್ಮಯ್ಯ, ಥೋರಾಟ್ ಮತ್ತು ಎಲ್.ಪಿ. ಸೇನ್. ಅಲ್ಲಿ ಅಕ್ಕಪಕ್ಕ ನಿಂತು ಗುಂಡಿಗೆ ಎದೆಯೊಡ್ಡಿದ ಇಬ್ಬರು ಎಂಟು ವರ್ಷಗಳ ಬಳಿಕ ಕೊರಿಯಾದ ಮುಳ್ಳುತಂತಿಯ ಪಕ್ಕ ಮತ್ತೆ ಜೊತೆಯಾದರು. ಆ ನಾಲ್ಕು ಕಿಲೋಮೀಟರ್ ಅಗಲದ ಸೇನಾಮುಕ್ತ ಪಟ್ಟಿಯಲ್ಲಿ ಡೇರೆಗಳ ಒಂದು ಊರೇ ಎದ್ದಿತು. ಜವಾನರು ಅದಕ್ಕೆ ಇಟ್ಟ ಹೆಸರು 'ಹಿಂದ್ ನಗರ'.

ಸೆಪ್ಟೆಂಬರಿನಲ್ಲಿ ಕೈದಿಗಳು ಬಂದರು. ವಿಶ್ವಸಂಸ್ಥೆಯ ಕಡೆಯಿಂದ 22,604 ಮಂದಿ. ಅವರಲ್ಲಿ ಚೀನೀಯರು 14,704, ಉತ್ತರ ಕೊರಿಯಾದವರು 7,900. ಕಮ್ಯುನಿಸ್ಟರ ಕಡೆಯಿಂದ ಬಂದವರು 359: ದಕ್ಷಿಣ ಕೊರಿಯಾದ 335, ಅಮೆರಿಕದ 23, ಬ್ರಿಟನ್ನಿನ ಒಬ್ಬ. ಹೌದು, ತಾಯ್ನಾಡು ಬೇಡವೆಂದ ಅಮೆರಿಕನ್ನರೂ ಇದ್ದರು!

ಬಂದ ಕೈದಿಗಳು ಜವಾನರನ್ನು ಕಂಡದ್ದೇ ಕಲ್ಲು ತೂರಿದರು, ಬೈದರು, ಉಗುಳಿದರು. ಭಾರತೀಯರು ತಮ್ಮನ್ನು ಮಾವೋ ಕೈಗೆ ಒಪ್ಪಿಸಲೆಂದೇ ಬಂದವರು ಎಂದು ಅವರ ನಾಯಕರು ತಲೆಗೆ ತುಂಬಿದ್ದರು. ಕೆಲ ದಿನಗಳಲ್ಲೇ ಕೈದಿಗಳು ಗ್ರೆವಾಲ್ ಎಂಬ ಮೇಜರನ್ನು ತಮ್ಮ ಆವರಣದೊಳಗೆ ಹಿಡಿದಿಟ್ಟುಕೊಂಡರು. ಹೊರಗೆ ಮೆಷಿನ್ ಗನ್ನುಗಳು ಸಿದ್ಧ. ಗುಂಡು ಹಾರಿದರೆ ಒಳಗಿರುವ ಅಧಿಕಾರಿಯೂ ಉಳಿಯುವುದಿಲ್ಲ, ನೂರಾರು ಕೈದಿಗಳ ಹೆಣ ಬೀಳುತ್ತದೆ, ಕದನವಿರಾಮವೇ ಮುರಿದುಬೀಳಬಹುದು. ಥೋರಾಟ್ ಏನು ಮಾಡಿದರು? ಬೆರಳೆಣಿಕೆಯ ಅಧಿಕಾರಿಗಳೊಂದಿಗೆ, ಕೈಯಲ್ಲಿ ಆಯುಧವಿಲ್ಲದೆ, ಗೇಟು ತೆಗೆಸಿ ಒಳಗೆ ನಡೆದರು! ಅರಚುವ ಗುಂಪಿನ ನಡುವೆ ನಿಂತು ಮಾತಾಡಿದರು, ಮಾತಾಡಿದರು, ಕೊನೆಗೆ ಮೇಜರನ್ನು ಜೊತೆಗೆ ಕರೆದುಕೊಂಡು ಹೊರಬಂದರು. ಒಂದು ಗುಂಡೂ ಹಾರಲಿಲ್ಲ. ಈ ಸಾಹಸಕ್ಕೆ ಅವರಿಗೆ ಎರಡನೇ ದರ್ಜೆಯ ಅಶೋಕ ಚಕ್ರ ಬಂತು. ಇಂದು ಅದನ್ನೇ ಕೀರ್ತಿ ಚಕ್ರ ಎನ್ನುತ್ತೇವೆ. ಎಲ್ಲ ದಿನವೂ ಹೀಗೆ ಸುಸೂತ್ರವಾಗಿರಲಿಲ್ಲ. ಅಕ್ಟೋಬರ್ ಆರಂಭದಲ್ಲಿ ನುಗ್ಗಿಬಂದ ಕೈದಿಗಳ ಮೇಲೆ ನಮ್ಮವರು ಗುಂಡು ಹಾರಿಸಬೇಕಾಯಿತು, ಸಾವುಗಳಾದವು. ಅತ್ತ ಸೋಲ್‌ನಿಂದ ಭಾರತೀಯ ಪಡೆಯನ್ನೇ ಬಲಪ್ರಯೋಗದಿಂದ ಓಡಿಸುವ ಬೆದರಿಕೆ ಬರುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಅಕ್ಟೋಬರ್ 15ರಿಂದ 'ವಿವರಣೆ' ಶುರು. ಇದಂತೂ ಇತಿಹಾಸದಲ್ಲೇ ಕಾಣದ ನಾಟಕ! ಒಂದು ಡೇರೆಯೊಳಗೆ ಉದ್ದ ಮೇಜು, ಮೇಜಿನ ಹಿಂದೆ ಕೈದಿಯ ತಾಯ್ನಾಡಿನಿಂದ ಬಂದ ವಿವರಣಾಧಿಕಾರಿಗಳು, ಪಕ್ಕದಲ್ಲಿ ಐದು ತಟಸ್ಥ ದೇಶಗಳ ಪ್ರತಿನಿಧಿಗಳು, ವೀಕ್ಷಕರು, ದುಭಾಷಿಗಳು. ಕೈದಿಯನ್ನು ಎರಡೂ ತೋಳು ಹಿಡಿದು ಜವಾನರು ಕರೆತರುತ್ತಾರೆ. ಅಧಿಕಾರಿ ಮೆಲುದನಿಯಲ್ಲಿ ಆರಂಭಿಸುತ್ತಾನೆ: ನಿನ್ನ ಮನೆಯವರು ಕಾಯುತ್ತಿದ್ದಾರೆ, ಊರಿನಲ್ಲಿ ಶಾಂತಿ ಇದೆ, ಬಾ. ಕೈದಿ ಕಿವಿ ಮುಚ್ಚಿಕೊಳ್ಳುತ್ತಾನೆ, ಹಾಡು ಹೇಳುತ್ತಾನೆ, ತೈವಾನ್ ತೈವಾನ್ ಎಂದು ಕೂಗುತ್ತಾನೆ, ಸ್ಟೂಲ್ ಎತ್ತಿ ಎಸೆಯಲು ಹೋಗುತ್ತಾನೆ. ಡೇರೆಗೆ ಹೊರಹೋಗುವ ಬಾಗಿಲು ಎರಡು. ಒಂದರಿಂದ ಹೊರಬಿದ್ದರೆ ತಾಯ್ನಾಡು, ಇನ್ನೊಂದರಿಂದ ಹೊರಬಿದ್ದರೆ ಮತ್ತೆ ಆ ಮುಳ್ಳುತಂತಿ. ಬಹುತೇಕರು ಎರಡನೆಯ ಬಾಗಿಲಿಗೇ ಓಡಿದರು. ಕೆಲವರು ಮಾತ್ರ, ಇಷ್ಟು ಹೊತ್ತು ಅರಚಿದವರೇ, ಕೊನೆಯ ಗಳಿಗೆಯಲ್ಲಿ ಹೊರಳಿ ಮೊದಲನೆಯ ಬಾಗಿಲಿನಿಂದ ಹೊರಟುಬಿಟ್ಟರು. ಗುಂಪಿನ ಭಯ ತಪ್ಪಿ ಒಬ್ಬಂಟಿಯಾಗಿ ನಿಂತ ಮನುಷ್ಯನಿಗೆ ತನ್ನ ಮನಸ್ಸು ಆಗಷ್ಟೇ ತಿಳಿಯಿತೋ ಏನೋ!

ಉತ್ತರ ಕೊರಿಯಾದ ಕೈದಿಗಳು ಮೊದಲಿಗೆ ಡೇರೆಗೆ ಬರುವುದಕ್ಕೇ ಒಪ್ಪಲಿಲ್ಲ. ಎಳೆದು ತನ್ನಿ ಎಂದು ಪೋಲರು, ಚೆಕ್ಕರು ಒತ್ತಾಯಿಸಿದರು. ಮುಟ್ಟಬೇಡಿ ಎಂದು ಸ್ವೀಡನ್, ಸ್ವಿಟ್ಜರ್ಲೆಂಡ್. ಎಳೆದು ತರುವುದೆಂದರೆ ನೂರಾರು ಹೆಣ ಎಂಬುದು ತಿಮ್ಮಯ್ಯನವರಿಗೆ ಸ್ಪಷ್ಟವಾಗಿತ್ತು. ಅವರು ಎಳೆಸಲಿಲ್ಲ. ಒಪ್ಪಂದ ಕೊಟ್ಟಿದ್ದ ತೊಂಬತ್ತು ದಿನಗಳ ಅವಧಿಯಲ್ಲಿ ವಿವರಣೆ ನಡೆದದ್ದು ಬರೀ ಹತ್ತು ದಿನ. ಡಿಸೆಂಬರ್ 23ಕ್ಕೆ ಗಡುವು ಮುಗಿಯಿತು. ಇಪ್ಪತ್ತೆರಡು ಸಾವಿರದಲ್ಲಿ ಊರಿಗೆ ಹೊರಟವರು ಆರುನೂರ ಚಿಲ್ಲರೆ.

ಉಳಿದವರನ್ನು ಏನು ಮಾಡುವುದು? ಬಿಡುಗಡೆ ಮಾಡಲು ತಿಮ್ಮಯ್ಯನವರಿಗೆ ಅಧಿಕಾರವಿಲ್ಲ, ಇಟ್ಟುಕೊಳ್ಳಲು ಅವಧಿಯಿಲ್ಲ. ಅವರು ಹುಡುಕಿದ ದಾರಿ ಹಾವೂ ಸಾಯದ, ಕೋಲೂ ಮುರಿಯದ ದಾರಿ. ಯಾರು ಕೈದಿಗಳನ್ನು ತಂದು ಕೊಟ್ಟಿದ್ದರೋ ಅವರಿಗೇ ವಾಪಸು ಒಪ್ಪಿಸಿದರು, ಬಿಡುಗಡೆ ಎಂಬ ಮಾತನ್ನು ತಮ್ಮ ಬಾಯಿಂದ ಆಡದೆ. 1954ರ ಜನವರಿ 20ರಂದು ಇಪ್ಪತ್ತೊಂದು ಸಾವಿರಕ್ಕೂ ಮೀರಿದ ಜನ ಬಾವುಟ ಹಿಡಿದು ಸಾಲುಸಾಲಾಗಿ ದಕ್ಷಿಣಕ್ಕೆ ನಡೆದರು. ಚೀನೀಯರು ಹಡಗು ಹತ್ತಿ ತೈವಾನಿಗೆ ಹೋದರು. ಎರಡೂ ಬಣಗಳು ತಿಮ್ಮಯ್ಯನವರನ್ನು ಟೀಕಿಸಿದವು. ಎರಡೂ ಕಡೆಯಿಂದ ಬೈಸಿಕೊಂಡದ್ದೇ ಅವರು ಸರಿಯಾದ ಕಡೆ ನಿಂತಿದ್ದರು ಎನ್ನುವುದಕ್ಕೆ ಸಾಕ್ಷಿ ಎನಿಸುತ್ತದೆ ನನಗೆ.

ಅತ್ತ ಕಮ್ಯುನಿಸ್ಟರ ಕಡೆಯಿಂದ ಬಂದ 23 ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಿಸಿದರು, 21 ಜನ ಚೀನಾಕ್ಕೆ ಹೋದರು. ಅಮೆರಿಕ ಬೆಚ್ಚಿಬಿದ್ದಿತು, ಮಿದುಳು ತೊಳೆದಿದ್ದಾರೆ ಎಂಬ ಕೂಗೆದ್ದಿತು. ಅವರಲ್ಲಿ ಕ್ಲಾರೆನ್ಸ್ ಆಡಮ್ಸ್ ಎಂಬ ಕಪ್ಪು ಸೈನಿಕನೂ ಇದ್ದ. ಆತನ ಊರಾದ ಮೆಂಫಿಸ್‌ನಲ್ಲಿ ಕಪ್ಪು ಮನುಷ್ಯನ ಬಾಳು ಹೇಗಿತ್ತೆಂದು ಬಲ್ಲವರಿಗೆ ಮಿದುಳು ತೊಳೆಯುವ ಸಿದ್ಧಾಂತದ ಅಗತ್ಯವೇ ಇರಲಿಲ್ಲ. ಆತ 1966ರಲ್ಲಿ ಮರಳಿದ. ಒಬ್ಬೊಬ್ಬರಾಗಿ ಬಹುತೇಕರು ಮರಳಿದರು. ಜೇಮ್ಸ್ ವೆನೆರಿಸ್ ಚೀನಾದಲ್ಲೇ ಉಳಿದು 2004ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು.

ಈ ಲೆಕ್ಕದಲ್ಲೆಲ್ಲ ಒಂದು ಪುಟ್ಟ ಸಂಖ್ಯೆ ಅಡಗಿ ಕೂತಿದೆ: 88. ಇವರು ಉತ್ತರವೂ ಬೇಡ, ದಕ್ಷಿಣವೂ ಬೇಡ, ಮಾವೋನೂ ಬೇಡ, ಚಿಯಾಂಗನೂ ಬೇಡ ಎಂದವರು! ಉತ್ತರ ಕೊರಿಯಾದ 74, ದಕ್ಷಿಣದ ಇಬ್ಬರು, ಚೀನಾದ 12 ಮಂದಿ. ಯಾವುದಾದರೂ ತಟಸ್ಥ ದೇಶಕ್ಕೆ ಕಳಿಸಿ ಎಂದು ಕೇಳಿದರು. ಹಾಗೆ ಹೇಳುವುದಕ್ಕೆ ಎಂಥ ಗುಂಡಿಗೆ ಬೇಕು! ಎರಡು ಗುಂಪುಗಳ ನಡುವೆ, ರಾತ್ರಿ ಚೂರಿ ಓಡಾಡುವ ಡೇರೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ನಾನು ಇಬ್ಬರಿಗೂ ಸೇರಿದವನಲ್ಲ ಎನ್ನುವುದು. 1954ರ ಫೆಬ್ರವರಿಯಲ್ಲಿ ಭಾರತೀಯ ಪಡೆ ಊರಿಗೆ ಹೊರಟಾಗ ಈ 88 ಜನ ಅವರ ಜೊತೆಯಲ್ಲೇ ಹಡಗು ಹತ್ತಿ ಮದ್ರಾಸಿನಲ್ಲಿ ಇಳಿದರು. ಭಾಷೆ ಬಾರದು, ಅನ್ನ ಸಾರು ಗೊತ್ತಿಲ್ಲ, ನೆಂಟರಿಷ್ಟರಿಲ್ಲ. ಮುಂದೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ಬದುಕು ಕಟ್ಟಿಕೊಂಡರು. ಕೆಲವರು ತಮ್ಮ ದೇಶಗಳಿಗೆ ಮರಳಿದರು. ಇನ್ನು ಕೆಲವರು ಇಲ್ಲೇ ನಿಂತರು.

ಕೊರಿಯಾದ ಸಾಹಿತ್ಯ ಈ 88 ಮಂದಿಯನ್ನು ಮರೆತಿಲ್ಲ. 1960ರಲ್ಲಿ ಚೊಯ್ ಇನ್‌ಹುನ್ ಬರೆದ 'ಗ್ವಾಂಗ್‌ಜಾಂಗ್' ಕಾದಂಬರಿಯ ನಾಯಕ ಇಂಥವನೇ ಒಬ್ಬ ಕೈದಿ. ಎರಡೂ ಕೊರಿಯಾಗಳನ್ನು ತೊರೆದು ತಟಸ್ಥ ದೇಶಕ್ಕೆ ಹೊರಟವನು ಹತ್ತಿದ ಹಡಗಿನ ಹೆಸರೇನು ಗೊತ್ತೆ? 'ಟಾಗೋರ್'! ಆ ಕಾದಂಬರಿ ಇಂದಿಗೂ ದಕ್ಷಿಣ ಕೊರಿಯಾದಲ್ಲಿ ಮನೆಮಾತು. ಅವರ ಮಕ್ಕಳಿಗೆ ಗೊತ್ತಿರುವ ಈ ಕಥೆ ಅದರೊಳಗೆ ಪಾತ್ರವಾಗಿದ್ದ ದೇಶದ ಮಕ್ಕಳಿಗೆ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಸೋಜಿಗ ಬೇಕೆ?

ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ಬಂತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾದರು. ಕೊರಿಯಾಕ್ಕೆ ದಾರಿ ತೋರಿದ ಸೂತ್ರದ ಅದೇ ಕೃಷ್ಣ ಮೆನನ್ ಆಗ ರಕ್ಷಣಾ ಮಂತ್ರಿ. ಇಬ್ಬರಿಗೂ ಹೊಂದಲಿಲ್ಲ, ಆ ರಗಳೆಯನ್ನು ಇಲ್ಲಿ ಎಳೆಯುವುದು ಬೇಡ. ನಿವೃತ್ತಿಯ ನಂತರ ವಿಶ್ವಸಂಸ್ಥೆ ಮತ್ತೆ ಕರೆಯಿತು, ಈ ಸಲ ಗ್ರೀಕರು ತುರ್ಕರು ಹೊಡೆದಾಡುತ್ತಿದ್ದ ಸೈಪ್ರಸ್‌ಗೆ. ಅಲ್ಲಿ ಶಾಂತಿಪಡೆಯ ನೇತೃತ್ವ ವಹಿಸಿದ್ದಾಗಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೊರಿಯಾದ ಅನುಭವಗಳನ್ನು ಅವರು ಬರೆದಿಟ್ಟಿದ್ದ ಪುಸ್ತಕ ಅಚ್ಚಾದದ್ದು ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ.

ದೆಹಲಿಯ ದಂಡುಪ್ರದೇಶದಲ್ಲಿ 2021ರ ಮಾರ್ಚಿನಲ್ಲಿ ಭಾರತ–ಕೊರಿಯಾ ಸ್ನೇಹ ಉದ್ಯಾನ ತೆರೆಯಿತು. ಅಲ್ಲಿ ತಿಮ್ಮಯ್ಯನವರ ಪ್ರತಿಮೆಯಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಮಡಿಕೇರಿಗೆ ಹೋದವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಕಾಫಿಪುಡಿ, ಜೇನು ಕೊಂಡು ಬಂದುಬಿಡುತ್ತಾರೆ. ಮುಂದಿನ ಸಲ ಹೋದಾಗ ಒಂದು ಗಂಟೆ ಸನ್ನಿ ಸೈಡಿಗೂ ಕೊಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಈ ಕಥೆಯನ್ನು ದಾರಿಯಲ್ಲೇ ಹೇಳಿ.